ಕಾಪಾಡಿ ತಂದ ಕೋಳಿಗೆ ಮೊದಲ ದಿನವೇ ಸ್ನಾನ ಬೇಡ

ಮಾನ್ಯ ಸಂಪಾದಕರೇ,

ಮೊಟ್ಟೆ ಕಡಿಮೆಯಾಯಿತೆಂದು ಲೇಯರ್ (ಮೊಟ್ಟೆ ಕೋಳಿ) ಫಾರಂನವರು ಹೊರಹಾಕಿದ ಕೋಳಿ, ಲಾರಿಯಿಂದ ಬಿದ್ದ ಕೋಳಿ, ಯಾರೋ ಬಿಟ್ಟುಹೋದ ಕೋಳಿಗಳನ್ನು ಮನೆಗೆ ತಂದು ಸಲಹುವವರಿದ್ದಾರೆ. ಅವರ ಕಳಕಳಿಯ ಬಗ್ಗೆ ನಮಗೆ ತುಂಬು ಗೌರವವಿದೆ. ಆದರೆ ಹಿಕ್ಕೆ ಮೆತ್ತಿಕೊಂಡು ನಾರುವ ಕೋಳಿ ಕೈಗೆ ಬಂದ ಕೂಡಲೇ ಅದನ್ನು ನಲ್ಲಿಯ ಕೆಳಗೆ ಹಿಡಿಯುವ ಆತುರ ಅದರ ಜೀವಕ್ಕೇ ಕುತ್ತು ತರುತ್ತದೆ. ಕೋಳಿಯ ಮೈಬಿಸಿ ಸುಮಾರು 41 ಡಿಗ್ರಿ ಸೆಲ್ಸಿಯಸ್. ಅದನ್ನು ಹಿಡಿದಿಡುವುದು ಪುಕ್ಕದೊಳಗೆ ನಿಂತ ಗಾಳಿ. ಪುಕ್ಕ ನೆನೆದರೆ ಆ ರಕ್ಷಣೆ ಹೋಯಿತು. ಹೊಟ್ಟೆಗಿಲ್ಲದೆ ಸೊರಗಿದ ಕೋಳಿಗೆ ಮತ್ತೆ ಮೈ ಕಾಯಿಸಿಕೊಳ್ಳುವ ತ್ರಾಣ ಇರುವುದಿಲ್ಲ.

ಮೊದಲು ಬಿಸಿ, ಆಮೇಲೆ ನೀರು, ಆಮೇಲೆ ಮೇವು. ಗಾಯ ಅಥವಾ ಹುಳ ಕಾಣದಿದ್ದರೆ ತೊಳೆಯುವ ಕೆಲಸ ಒಂದೆರಡು ದಿನ ಕಾಯಬಹುದು.

ಗಾಳಿಯಾಡುವ ರಟ್ಟಿನ ಪೆಟ್ಟಿಗೆಯಲ್ಲಿ ಹಳೆಯ ಟವೆಲ್ ಹಾಸಿ. ಬರೀ ಪೇಪರ್ ಹಾಸಿದರೆ ಜಾರುತ್ತದೆ, ಸೋತ ಕಾಲುಗಳು ಅಗಲಕ್ಕೆ ಹೋಗಿಬಿಡುತ್ತವೆ. ಬಟ್ಟೆ ಸುತ್ತಿದ ಬಿಸಿನೀರಿನ ಬಾಟಲಿ ಇಟ್ಟು ಪೆಟ್ಟಿಗೆಯ ಒಂದು ಬದಿಯನ್ನು ಮಾತ್ರ 27ರಿಂದ 30 ಡಿಗ್ರಿಯಷ್ಟು ಬೆಚ್ಚಗಿಡಿ. ಸೆಕೆಯಾದರೆ ಕೋಳಿ ತಾನೇ ಇನ್ನೊಂದು ಬದಿಗೆ ಸರಿಯುತ್ತದೆ. ಕೊಕ್ಕು ತೆರೆದು ಏದುಸಿರು ಬಿಡುತ್ತಾ ರೆಕ್ಕೆಗಳನ್ನು ಮೈಯಿಂದ ದೂರ ಹಿಡಿದಿದ್ದರೆ ಬಿಸಿ ಹೆಚ್ಚಾಗಿದೆ ಎಂದೇ ಅರ್ಥ.

ಕೊಕ್ಕು ಬಿಡಿಸಿ ಗಂಟಲಿಗೆ ನೀರು ಹುಯ್ಯಬೇಡಿ. ಉಸಿರಿನ ದ್ವಾರ ನಾಲಿಗೆಯ ಬುಡದ ಹಿಂದೆಯೇ ಇರುವುದರಿಂದ ನೀರು ಸೀದಾ ಶ್ವಾಸಕೋಶಕ್ಕೆ ಇಳಿಯಬಹುದು. ಕೊಕ್ಕಿನ ಪಕ್ಕದ ಅಂಚಿಗೆ ಒಂದೊಂದೇ ಹನಿ ಮುಟ್ಟಿಸಿದರೆ ಅದೇ ಚಪ್ಪರಿಸಿ ನುಂಗುತ್ತದೆ. ಕೋಳಿಗಳ ಎಲೆಕ್ಟ್ರೋಲೈಟ್ (ಲವಣಗಳ) ಪುಡಿ ಸಿಕ್ಕರೆ ಪೊಟ್ಟಣದ ಮೇಲಿನ ಅಳತೆಯಲ್ಲೇ ಕಲಸಿ ಮೊದಲ ದಿನ ಕೆಲವು ಗಂಟೆ ಕೊಡಿ, ನಂತರ ಬರೀ ನೀರು ಸಾಕು.

ಆರೋಗ್ಯವಂತ ಮೊಟ್ಟೆ ಕೋಳಿ ದಿನಕ್ಕೆ ಸುಮಾರು 110ರಿಂದ 120 ಗ್ರಾಂ ಮೇವು ತಿನ್ನುತ್ತದೆ. ಉಪವಾಸವಿದ್ದ ಕೋಳಿಯ ಮುಂದೆ ಅಷ್ಟನ್ನೂ ಒಟ್ಟಿಗೆ ಇಡದೆ, ಬೆಚ್ಚನೆಯ ನೀರಲ್ಲಿ ನೆನೆಸಿದ ಲೇಯರ್ ಮೇವನ್ನು ಎರಡು ಮೂರು ಗಂಟೆಗೊಮ್ಮೆ ಒಂದೆರಡು ಚಮಚದಂತೆ ಕೊಡಿ. ಫಾರಂ ಕೋಳಿಗಳ ಕೊಕ್ಕಿನ ತುದಿಯನ್ನು ಸಾಮಾನ್ಯವಾಗಿ ಕತ್ತರಿಸಿರುತ್ತಾರೆ. ಅವಕ್ಕೆ ನೆಲದ ಮೇಲೆ ಚೆಲ್ಲಿದ ಕಾಳು ಹೆಕ್ಕುವುದು ಕಷ್ಟ. ಕಿರಿದಾದ ಬಟ್ಟಲಲ್ಲಿ ಮೇವು ಆಳವಾಗಿರಬೇಕು. ತಿನ್ನುತ್ತಿಲ್ಲ ಎಂದು ಗಾಬರಿಯಾಗುವ ಮೊದಲು ಇದನ್ನು ನೋಡಿ. ಪುಕ್ಕ ಉದುರಿ ಬೋಳಾದ ಕೋಳಿಗೆ ಬರೀ ಕಾಳು ಹಾಕಿದರೆ ಪುಕ್ಕ ಬರುವುದಿಲ್ಲ. ಪುಕ್ಕವೆಂದರೆ ಬಹುಪಾಲು ಪ್ರೋಟೀನ್. ಹೊಸ ಪುಕ್ಕ ಮೂಡುವವರೆಗೆ ಶೇ 18ರಿಂದ 20ರಷ್ಟು ಪ್ರೋಟೀನ್ ಇರುವ ಮೇವು ಬೇಕು. ಪುಡಿ ಮಾಡಿದ ಕಪ್ಪೆಚಿಪ್ಪನ್ನು ಬೇರೆ ಬಟ್ಟಲಲ್ಲಿಡಿ. ಒಂದು ಮೊಟ್ಟೆಯ ಸಿಪ್ಪೆಗೆ ಸುಮಾರು 2 ಗ್ರಾಂ ಕ್ಯಾಲ್ಸಿಯಂ ಹೋಗುತ್ತದೆ. ಮೇವಿನಲ್ಲಿ ಸಿಗದಿದ್ದರೆ ಕೋಳಿ ಅದನ್ನು ತನ್ನ ಮೂಳೆಯಿಂದಲೇ ತೆಗೆಯುತ್ತದೆ. ಪಂಜರದಿಂದ ಬಂದ ಕೋಳಿಯ ಮೂಳೆ ಸುಲಭವಾಗಿ ಮುರಿಯಲು ಇದೂ ಒಂದು ಕಾರಣ. ಆದ್ದರಿಂದ ಕೂರುವ ಕೋಲು ಮೊದಲು ನೆಲದಿಂದ ಒಂದು ಗೇಣಿಗಿಂತ ಎತ್ತರ ಬೇಡ. ಕೋಳಿಯನ್ನು ಕಾಲು ಹಿಡಿದು ಎತ್ತುವುದಂತೂ ಬೇಡವೇ ಬೇಡ.

ಬೆಳಗ್ಗೆ ಮೇವು ಹಾಕುವ ಮುನ್ನ ಕೊರಳ ಬುಡದ ಮೇವಿನ ಚೀಲವನ್ನು ಮುಟ್ಟಿ ನೋಡಿ. ರಾತ್ರಿ ಕಳೆದ ಮೇಲೆ ಅದು ಖಾಲಿಯಿರಬೇಕು. ಗಟ್ಟಿ ಉಂಡೆಯಿದ್ದರೆ ಮೇವು ಸಿಕ್ಕಿಕೊಂಡಿದೆ. ನೀರು ತುಂಬಿದಂತಿದ್ದು ಬಾಯಿಂದ ಹುಳಿ ವಾಸನೆ ಬಂದರೆ ಒಳಗೆ ಹುಳಿತಿದೆ. ತಲೆಕೆಳಗು ಮಾಡಿ ಕಕ್ಕಿಸುವ ಪದ್ಧತಿ ಅಪಾಯಕಾರಿ. ವೈದ್ಯರ ಬಳಿ ಒಯ್ಯಿರಿ.

ಇನ್ನು ಶುಚಿ. ಹಿಂಭಾಗದ ಪುಕ್ಕಕ್ಕೆ ಒಣಗಿ ಅಂಟಿದ ಹಿಕ್ಕೆಯನ್ನು ಎಳೆದರೆ ಚರ್ಮವೇ ಕಿತ್ತು ಬರುತ್ತದೆ. ಮೊಣಕೈ ಅದ್ದಿದರೆ ಹಿತವಾಗಿ ಬೆಚ್ಚಗಿರುವ ನೀರನ್ನು ಟಬ್ಬಿನಲ್ಲಿ ಹೊಟ್ಟೆ ಮುಳುಗುವಷ್ಟು ತುಂಬಿ, ಕೋಳಿಯನ್ನು ಹತ್ತು ನಿಮಿಷ ನಿಲ್ಲಿಸಿ. ಅಂಟು ಕರಗಿದ ಮೇಲೆ ಬೆರಳಲ್ಲೇ ಬಿಡಿಸಿ. ಬಿಡದಿದ್ದರೆ ಆ ಪುಕ್ಕವನ್ನು ಮೊಂಡು ತುದಿಯ ಕತ್ತರಿಯಿಂದ ಕತ್ತರಿಸಿ, ಆದರೆ ಬುಡ ನೀಲಿ ಬಣ್ಣಕ್ಕಿರುವ ಎಳೆಯ ಗರಿಗೆ ಕತ್ತರಿ ತಾಗಿಸಬೇಡಿ. ಅದರೊಳಗೆ ರಕ್ತ ಹರಿಯುತ್ತಿರುತ್ತದೆ, ಕತ್ತರಿಸಿದರೆ ಬೇಗ ನಿಲ್ಲುವುದಿಲ್ಲ. ಟವೆಲ್‌ನಲ್ಲಿ ಒತ್ತಿ ನೀರು ಹೀರಿಸಿ, ಹೇರ್ ಡ್ರೈಯರನ್ನು ಕಡಿಮೆ ಬಿಸಿಯಲ್ಲಿ ದೂರ ಹಿಡಿದು ಒಣಗಿಸಿ. ಮೇಲಿನ ಪುಕ್ಕ ಒಣಗಿದರೆ ಸಾಲದು, ಪುಕ್ಕ ಬಿಡಿಸಿ ಬುಡದ ಮೆತ್ತನೆಯ ತುಪ್ಪಳ ಮುಟ್ಟಿ ನೋಡಿ. ತೊಳೆದ ವಾರದೊಳಗೆ ಮತ್ತೆ ಮೆತ್ತಿಕೊಂಡರೆ ಕಾರಣ ಒಳಗಿದೆ: ಜಂತುಹುಳ, ಭೇದಿ ಅಥವಾ ಮೊಟ್ಟೆನಾಳದ ತೊಂದರೆ. ಹಿಕ್ಕೆ ಪರೀಕ್ಷೆ ಮಾಡಿಸಿ.

ಕೊಳಕು, ಒದ್ದೆ ಪುಕ್ಕದಲ್ಲಿ ನೊಣ ಮೊಟ್ಟೆಯಿಟ್ಟರೆ ಒಂದೇ ದಿನದಲ್ಲಿ ಹುಳವಾಗಿ ಚರ್ಮ ತಿನ್ನತೊಡಗುತ್ತದೆ. ಸೆಕೆಗಾಲದಲ್ಲಿ ದಿನಕ್ಕೆರಡು ಸಲ ಹಿಂಭಾಗ ನೋಡಲೇಬೇಕು. ಹುಳ ಕಂಡರೆ ಕಾಯಬೇಡಿ. ಕುದಿಸಿ ಆರಿಸಿದ 1 ಲೀಟರ್ ನೀರಿಗೆ 9 ಗ್ರಾಂ ಉಪ್ಪು ಬೆರೆಸಿ ತೊಳೆದು, ಚಿಮುಟದಿಂದ ಹುಳ ತೆಗೆದು, ಅಂದೇ ವೈದ್ಯರಿಗೆ ತೋರಿಸಿ.

ಇದಾದ ಮೇಲೆ ಸೋಪು ನೀರಿನ ಸ್ನಾನದ ಅಗತ್ಯವೇ ಬೀಳಬಾರದು. ಪದೇ ಪದೇ ತೊಳೆದರೆ, ಬಾಲದ ಬುಡದ ಗ್ರಂಥಿಯಿಂದ ಎಣ್ಣೆ ತೆಗೆದು ಕೋಳಿ ಪುಕ್ಕಕ್ಕೆ ಸವರಿಕೊಂಡದ್ದೆಲ್ಲ ಹೋಗುತ್ತದೆ. ಅದಕ್ಕೆ ಬೇಕಿರುವುದು ಮಣ್ಣಿನ ಸ್ನಾನ. ಕೋಳಿ ಹೊರಳಾಡುವಷ್ಟು ಅಗಲದ ಪೆಟ್ಟಿಗೆಯಲ್ಲಿ 15 ಸೆಂಟಿಮೀಟರ್ ಆಳಕ್ಕೆ ಒಣ ಮಣ್ಣು ಮತ್ತು ಮರಳು ತುಂಬಿ, ಮಳೆ ತಾಗದ ಕಡೆ ಇಡಿ. ಕಟ್ಟಿಗೆಯ ಬೂದಿ ಸ್ವಲ್ಪ ಬೆರೆಸಬಹುದು, ಬಣ್ಣ ಬಳಿದ ಮರದ್ದು ಬೇಡ. ಬೂದಿ ನೆನೆದರೆ ಕ್ಷಾರವಾಗಿ ಚರ್ಮ ಸುಡುತ್ತದೆ, ಆಗ ಎಲ್ಲವನ್ನೂ ಬದಲಿಸಿ.

ಕೊಕ್ಕು ಕತ್ತರಿಸಿದ ಕೋಳಿಗಳಲ್ಲಿ ಹೇನು, ನುಸಿಯ ಕಾಟ ಹೆಚ್ಚು. ಅವನ್ನು ಹೆಕ್ಕಲು ಬೇಕಾದ ಚೂಪು ತುದಿಯೇ ಅವಕ್ಕಿಲ್ಲ. ಹಿಂಭಾಗದ ಪುಕ್ಕ ಬಿಡಿಸಿದಾಗ ಬುಡದಲ್ಲಿ ಬಿಳಿ ಗಂಟು ಕಂಡರೆ ಅದು ಹೇನಿನ ಮೊಟ್ಟೆ. ಹೇನಿನ ಔಷಧ ಮೊಟ್ಟೆಯನ್ನು ಕೊಲ್ಲುವುದಿಲ್ಲವಾದ್ದರಿಂದ 7ರಿಂದ 10 ದಿನಕ್ಕೆ ಮತ್ತೊಮ್ಮೆ ಹಾಕಬೇಕು. ಎಷ್ಟೋ ಜನ ಬಿಡುವುದು ಈ ಎರಡನೆಯ ಸಲವನ್ನೇ. ಕೆಂಪು ನುಸಿ ಹಗಲಲ್ಲಿ ಕೋಳಿಯ ಮೈಮೇಲೆ ಸಿಗದು, ಗೂಡಿನ ಬಿರುಕುಗಳಲ್ಲಿ ಅಡಗಿರುತ್ತದೆ. ರಾತ್ರಿ ಟಾರ್ಚ್ ಹಿಡಿದು, ಕೂರುವ ಕೋಲಿನ ಅಡಿಭಾಗವನ್ನು ಬಿಳಿ ಬಟ್ಟೆಯಿಂದ ಒರೆಸಿ. ಬಟ್ಟೆಯಲ್ಲಿ ರಕ್ತದ ಗೀರು ಮೂಡಿದರೆ ಔಷಧ ಗೂಡಿಗೂ ಬೇಕು. ಕಾಲಿನ ಹುರುಪೆ ಎದ್ದಿದ್ದರೆ ಅದೂ ನುಸಿಯೇ. ಬೆಚ್ಚನೆಯ ನೀರಲ್ಲಿ ನೆನೆಸಿ, ಮೆತ್ತನೆಯ ಬ್ರಷ್ ಆಡಿಸಿ, ಒಣಗಿಸಿ ಪೆಟ್ರೋಲಿಯಂ ಜೆಲ್ಲಿ ಹಚ್ಚಿ, ಕೆಲವು ವಾರ ಮುಂದುವರಿಸಿ. ಸೀಮೆಎಣ್ಣೆ, ಡೀಸೆಲ್ ಹಚ್ಚುವುದು ಹಿಂಸೆ. ಅಂಗಾಲಿನಲ್ಲಿ ಕಪ್ಪು ಹಕ್ಕಳೆ ಇದ್ದು ಊದಿದ್ದರೆ ಒಳಗೆ ಕೀವಿದೆ, ಬ್ಲೇಡು ಹಾಕದೆ ವೈದ್ಯರಿಗೆ ಬಿಡಿ.

ಗೂಡಿನ ಹಾಸು ಸದಾ ಒಣಗಿರಬೇಕು. ಕೋಳಿಯ ತಲೆಯ ಎತ್ತರಕ್ಕೆ ಬಗ್ಗಿ ಉಸಿರೆಳೆದಾಗ ನಿಮ್ಮ ಕಣ್ಣು ಉರಿದರೆ ಹಿಕ್ಕೆಯಿಂದ ಏಳುವ ಅಮೋನಿಯಾ ಅನಿಲ ಕಟ್ಟಿಕೊಂಡಿದೆ.

ಮನೆಯಲ್ಲಿ ಬೇರೆ ಕೋಳಿಗಳಿದ್ದರೆ ಹೊಸದನ್ನು 30 ದಿನ ಪ್ರತ್ಯೇಕವಾಗಿಡಿ, ಅದರ ಕೆಲಸವನ್ನು ಕೊನೆಗೆ ಮಾಡಿ ಕೈ ಸೋಪಿನಿಂದ ತೊಳೆಯಿರಿ. ಔಷಧ ಕೊಟ್ಟ ಕೋಳಿಯ ಮೊಟ್ಟೆ ಎಷ್ಟು ದಿನ ತಿನ್ನಬಾರದೆಂದು ವೈದ್ಯರನ್ನು ಕೇಳಿ. ಹಿಕ್ಕೆಯಲ್ಲಿ ರಕ್ತ, ಉಸಿರಾಡುವಾಗ ಗೊರಗೊರ ಸದ್ದು, ಬಾಲ ತಗ್ಗಿಸಿ ನೆಟ್ಟಗೆ ನಿಂತು ತಿಣುಕುವುದು ಕಂಡರೆ ನಾಳೆಗೆ ಮುಂದೂಡಬೇಡಿ. ಮುಖ ಊದಿ, ಜುಟ್ಟು ನೀಲಿಗಟ್ಟಿ ಕೋಳಿಗಳು ಇದ್ದಕ್ಕಿದ್ದಂತೆ ಸತ್ತರೆ ಹಕ್ಕಿಜ್ವರದ ಶಂಕೆ ಇರುವುದರಿಂದ ಬರಿಗೈಯಲ್ಲಿ ಮುಟ್ಟದೆ ಪಶುವೈದ್ಯ ಇಲಾಖೆಗೆ ತಿಳಿಸಿ.

ಇಂತಿ,
ಕೋಳಿ ಆರೈಕೆಯಲ್ಲಿ ತೊಡಗಿರುವ ಓದುಗರು