ಅಂಟುರೋಗ ಆರೈಕೆಯ ತರಬೇತಿ ನವೆಂಬರ್‌ನಿಂದ ಬೇರೆ ಥರ

ನರ್ಸಿಂಗ್ ಕಾಲೇಜುಗಳ ಪ್ರಾಂಶುಪಾಲರಿಗೆ, ಶಿಕ್ಷಕರಿಗೆ ನಮಸ್ಕಾರ.

ಬರುವ ನವೆಂಬರ್‌ನಿಂದ ಅಂಟುರೋಗ ಆರೈಕೆಯ ತರಬೇತಿಗೆ ಒಂದು ಬ್ಯಾಚಿಗೆ 8 ವಿದ್ಯಾರ್ಥಿಗಳನ್ನು ಮಾತ್ರ ತೆಗೆದುಕೊಳ್ಳುತ್ತೇವೆ. ಇಲ್ಲಿಯವರೆಗೆ 40 ಜನ ಇರುತ್ತಿದ್ದರು. ಎರಡು ಗಂಟೆಯ ಪಾಠ ಇನ್ನು ಇಡೀ ದಿನದ ಅಭ್ಯಾಸ. ಒಬ್ಬರಿಗೆ 150 ರೂಪಾಯಿ ಇದ್ದ ಶುಲ್ಕ 250 ಆಗುತ್ತದೆ. ನಿಮ್ಮ ಟೈಮ್‌ಟೇಬಲ್‌ಗೆ ಇದರಿಂದ ಕಷ್ಟ ಅಂತ ಗೊತ್ತು. ಅದಕ್ಕೇ ಕಾರಣ ಹೇಳುತ್ತಿದ್ದೇವೆ.

ಕಳೆದ ಬ್ಯಾಚಿನ ಮಕ್ಕಳಿಗೆ ಪಿಪಿಇ (ಗ್ಲೌಸ್, ಗೌನ್, ಮಾಸ್ಕ್‌ನಂಥ ರಕ್ಷಣೆಯ ಉಡುಪು) ಬಿಚ್ಚುವ ಕ್ರಮ ಬಾಯಿಪಾಠ ಆಗಿತ್ತು. ಬರೆಯಲು ಕೊಟ್ಟಾಗ ಹೆಚ್ಚಿನವರು ಸರಿಯಾಗಿಯೇ ಬರೆದರು. ಆಮೇಲೆ ರೋಗಿಯ ಬದಲು ಇಟ್ಟ ಗೊಂಬೆಯ ಮೈಗೆ, ರೋಗಾಣುವಿನ ಲೆಕ್ಕಕ್ಕೆ, ಯುವಿ (ನೇರಳಾತೀತ) ಬೆಳಕಿಗೆ ಹೊಳೆಯುವ ಪುಡಿ ಸವರಿ, ಗ್ಲೌಸ್, ಗೌನ್ ಹಾಕಿಕೊಂಡು ಅದರ ಮೈ ಒರೆಸಲು ಹೇಳಿದೆವು. ಎಲ್ಲ ಬಿಚ್ಚಿದ ಮೇಲೆ ಲೈಟ್ ಆರಿಸಿ ಯುವಿ ಟಾರ್ಚ್ ಹಿಡಿದೆವು. ಒಬ್ಬಳ ಕತ್ತು ಹೊಳೆಯಿತು. ಇನ್ನೊಬ್ಬನ ಮಣಿಕಟ್ಟು. ಮತ್ತೊಬ್ಬಳ ಮೊಬೈಲ್. ಯಾರೂ ಮಾತಾಡಲಿಲ್ಲ. ನಮಗೆ ತುಂಬಾ ಬೇಜಾರಾಯಿತು. ಇಷ್ಟು ವರ್ಷ ಬರೀ ಸ್ಲೈಡ್ ತೋರಿಸಿ ಎಷ್ಟು ಮಕ್ಕಳನ್ನು ವಾರ್ಡಿಗೆ ಕಳಿಸಿಬಿಟ್ಟೆವು!

ಹೊಸ ಅಭ್ಯಾಸ ನಮ್ಮ ಮಂಗನ ಕಾಯಿಲೆಯಿಂದಲೇ ಶುರು. 1957ರಲ್ಲಿ ಅದು ಮೊದಲು ಗೊತ್ತಾಗಿದ್ದು ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಹೆಚ್ಚಾಗಿ ಡಿಸೆಂಬರ್‌ನಿಂದ ಮೇವರೆಗೆ ಕಾಣಿಸಿಕೊಳ್ಳುತ್ತದೆ. ನವೆಂಬರ್ ಅಂತ ಗೊತ್ತುಮಾಡಿದ್ದು ಅದಕ್ಕೇ.

ಹಾಸಿಗೆಯಲ್ಲಿ ಗೊಂಬೆ ಮಲಗಿರುತ್ತದೆ. ಹೆಂಡತಿಯ ಪಾತ್ರದಲ್ಲಿ ನಮ್ಮ ಸಿಬ್ಬಂದಿಯೊಬ್ಬರು. ನಾಲ್ಕು ದಿನದಿಂದ ಜ್ವರ, ತಲೆ ಸಿಡಿತ, ಕಣ್ಣು ಕೆಂಪು ಎನ್ನುತ್ತಾರೆ. ಕೊಟ್ಟಿಗೆಗೆ ದರಗು (ಒಣಗಿದ ಎಲೆ) ತರಲು ಕಾಡಿಗೆ ಹೋಗಿದ್ದನ್ನು ಅವರಾಗಿ ಹೇಳುವುದಿಲ್ಲ, ವಿದ್ಯಾರ್ಥಿಯೇ ಕೇಳಬೇಕು. ಅಷ್ಟರಲ್ಲಿ ರೋಗಿಯ ಮೂಗಿನಿಂದ ರಕ್ತ, ಬಿಪಿ ಇಳಿತ. "ಸಿಸ್ಟರ್, ಇದು ನಮಗೂ ಅಂಟುತ್ತಾ?" ಅಂತ ಹೆಂಡತಿ ಅಳುತ್ತಾರೆ. ಈ ಕಾಯಿಲೆ ಬರುವುದು ಹೆಚ್ಚಾಗಿ ಉಣುಗು ಕಚ್ಚಿ, ಮನುಷ್ಯರಿಂದ ಮನುಷ್ಯರಿಗೆ ಹರಡಿದ್ದು ಕಂಡುಬಂದಿಲ್ಲ. ಅದನ್ನು ಅವರಿಗೆ ಧೈರ್ಯ ಬರುವ ಹಾಗೆ ಹೇಳುವುದೂ ಆರೈಕೆಯೇ ಅಲ್ವಾ? ರಕ್ತ ಮುಟ್ಟಬೇಕಾದ್ದರಿಂದ ಗ್ಲೌಸ್ ಬೇಕು, ಸಿಡಿಯುವ ಹಾಗಿದ್ದರೆ ಮಾಸ್ಕ್, ಕಣ್ಣಿಗೆ ಕನ್ನಡಕ. ಇನ್ನೊಂದು ಕೋಣೆಯ ಗೊಂಬೆಗೆ ಶ್ವಾಸಕೋಶದ ಕ್ಷಯ. ಅಲ್ಲಿ ಎನ್95 ಮಾಸ್ಕ್ ಬೇಕೇ ಬೇಕು, ಅದನ್ನು ತೆಗೆಯುವುದು ಕೋಣೆಯಿಂದ ಹೊರಗೆ ಬಂದ ಮೇಲೆ. ಡೆಂಗಿ ಬಂದವರಿಗೆ ಸೊಳ್ಳೆಪರದೆ. ಹೆದರಿ ಎಲ್ಲವನ್ನೂ ಹಾಕಿಕೊಳ್ಳುವ ಮಕ್ಕಳನ್ನು ನೋಡಿದ್ದೇವೆ. ಎಲ್ಲಿಗೆ ಏನು ಬೇಕು ಅಂತ ಯೋಚಿಸುವುದು ಅವರಿಗೆ ಅಭ್ಯಾಸ ಆಗಬೇಕು.

ಈ ಆಟ 20 ನಿಮಿಷ. ಆಮೇಲೆ 40 ನಿಮಿಷ ಕೂತು ಮಾತು. ಎಲ್ಲಿ ತಪ್ಪಿತು, ಆಗ ಮನಸ್ಸಿನಲ್ಲಿ ಏನಿತ್ತು ಅಂತ ಒಬ್ಬೊಬ್ಬರೂ ಹೇಳಬೇಕು. 40 ಜನ ಇದ್ದರೆ ಅದು ಆಗುವುದಿಲ್ಲ. ಇಲ್ಲಿ ತಪ್ಪು ಮಾಡಿದವರನ್ನು ಯಾರೂ ಬೈಯುವುದಿಲ್ಲ. ದಯವಿಟ್ಟು ಅಂಕ ಕೇಳಬೇಡಿ. ಅಂಕ ಅಂದ ತಕ್ಷಣ ಮಕ್ಕಳು ತಪ್ಪು ಮುಚ್ಚಿಡುತ್ತಾರೆ. ಇದು ವಾರ್ಡಿನ ಪೋಸ್ಟಿಂಗ್‌ಗೆ ಬದಲಿಯೂ ಅಲ್ಲ, ಅದಕ್ಕೆ ಮುಂಚಿನ ತಯಾರಿ.

ಈಗಾಗಲೇ ದಿನ ಗೊತ್ತುಮಾಡಿದ ಕಾಲೇಜುಗಳಿಗೆ ಹಳೇ ಶುಲ್ಕವೇ. ಬ್ಯಾಚಿನ ಜೊತೆ ನಿಮ್ಮ ಶಿಕ್ಷಕರೊಬ್ಬರು ಬಂದರೆ ಬಹಳ ಒಳ್ಳೆಯದು. ಗೌನ್, ಗ್ಲೌಸ್ ನಾವೇ ಕೊಡುತ್ತೇವೆ. ಮಕ್ಕಳಿಗೆ ಉಗುರು ಕತ್ತರಿಸಿಕೊಂಡು, ಬಳೆ, ಉಂಗುರ ಮನೆಯಲ್ಲೇ ತೆಗೆದಿಟ್ಟು ಬರಲು ಹೇಳಿ.

ಇಂತಿ,
ತರಬೇತಿ ಕೇಂದ್ರದ ಬಳಗ, ಶಿವಮೊಗ್ಗ