ಹಳಿಯ ಕೆಲಸಕ್ಕೂ ನಿನ್ನ ಓದು ಬೇಕು

ಹುಬ್ಬಳ್ಳಿ

ಚಿ. ಶಿಲ್ಪಾಳಿಗೆ ನಿನ್ನ ದೊಡ್ಡಪ್ಪನ ಆಶೀರ್ವಾದಗಳು.

ಕಂಪ್ಯೂಟರ್ ಸೈನ್ಸ್ ಬಿಟ್ಟು ಕಣ್ಣಿಗೆ ಕಾಣುವ ಯಂತ್ರಗಳ ಕೆಲಸಕ್ಕೆ ಹೋಗಬೇಕೆನ್ನುತ್ತಿದ್ದೀಯಂತೆ, ನಾಲ್ಕು ವರ್ಷದ ಓದು ವ್ಯರ್ಥವಾಯಿತೆಂದು ಕೊರಗುತ್ತಿದ್ದೀಯಂತೆ. ನಿನ್ನ ಅಪ್ಪ ಹೇಳಿದ. ಹೋಗು, ಆದರೆ ಆ ಓದನ್ನು ಬಿಟ್ಟು ಹೋಗಬೇಡ. ರೈಲ್ವೆ ಸಿಗ್ನಲ್ ವಿಭಾಗದಲ್ಲಿ ದುಡಿದು ನಿವೃತ್ತನಾದವನು ನಾನು. ನಮ್ಮ ಕೆಲಸವನ್ನೇ ಮುಂದಿಟ್ಟು ಹೇಳುತ್ತೇನೆ.

ಹಳಿಯ ಮೇಲೆ ಗಾಡಿ ಇದೆಯೇ ಎಂದು ತಿಳಿಸುವ ಟ್ರ್ಯಾಕ್ ಸರ್ಕ್ಯೂಟಿನಲ್ಲಿ ಹಳಿಯ ಮೂಲಕ ಸಣ್ಣ ವೋಲ್ಟೇಜಿನ ವಿದ್ಯುತ್ ಹರಿದು ಇನ್ನೊಂದು ತುದಿಯ ರಿಲೇಯನ್ನು, ಅಂದರೆ ವಿದ್ಯುತ್ತಿನಿಂದ ನಡೆಯುವ ಸ್ವಿಚ್ಚನ್ನು, ಎತ್ತಿ ಹಿಡಿದಿರುತ್ತದೆ. ಗಾಡಿ ಬಂದರೆ ವಿದ್ಯುತ್ ಗಾಲಿಗಳ ಮೂಲಕ ಅಡ್ಡಹಾಯ್ದು ರಿಲೇ ಬೀಳುತ್ತದೆ, ಸಿಗ್ನಲ್ ಕೆಂಪಾಗುತ್ತದೆ. ತಂತಿ ಕಡಿದರೂ ಬ್ಯಾಟರಿ ಸತ್ತರೂ ರಿಲೇ ಬೀಳುತ್ತದೆ, ಆಗಲೂ ಕೆಂಪೇ. ಗಾಡಿಯನ್ನು ಒಂದು ಹಳಿಯಿಂದ ಇನ್ನೊಂದಕ್ಕೆ ತಿರುಗಿಸುವ ಪಾಯಿಂಟ್ ಸರಿಯಾಗಿ ಕೂತು ಲಾಕ್ ಆಗಿರಬೇಕು, ಹಳಿ ಖಾಲಿಯಿರಬೇಕು, ಅಡ್ಡಬರುವ ದಾರಿಗೆ ಸಿಗ್ನಲ್ ಕೊಟ್ಟಿರಬಾರದು. ಎಲ್ಲವೂ ಕೂಡಿಬಂದರೆ ಮಾತ್ರ ಗಾಡಿಗೆ ದಾರಿ. ಇದಕ್ಕೇ ಇಂಟರ್‌ಲಾಕಿಂಗ್ ಎನ್ನುತ್ತೇವೆ. ಹೌದು-ಅಲ್ಲಗಳನ್ನು ಜೋಡಿಸುವ, ನೀನು ಓದಿದ ಬೂಲಿಯನ್ ತರ್ಕವೇ ಅಲ್ಲವೇ ಇದು? ಒಂದು ಕಾಲಕ್ಕೆ ಕೋಣೆ ತುಂಬ ರಿಲೇಗಳನ್ನು ಜೋಡಿಸಿ ಮಾಡುತ್ತಿದ್ದ ಕೆಲಸವನ್ನು ಈಗ ಎಲೆಕ್ಟ್ರಾನಿಕ್ ಇಂಟರ್‌ಲಾಕಿಂಗ್‌ನ ಪ್ರೊಸೆಸರ್‌ಗಳು ಮಾಡುತ್ತವೆ. ಗಾಡಿಗಳ ಡಿಕ್ಕಿ ತಪ್ಪಿಸುವ ‘ಕವಚ್’ ವ್ಯವಸ್ಥೆಯಲ್ಲಂತೂ ಎಂಜಿನ್ನಿನ ಕಂಪ್ಯೂಟರ್ ಹಳಿಯಲ್ಲಿರುವ ಟ್ಯಾಗ್‌ಗಳನ್ನು ಓದುತ್ತದೆ, ರೇಡಿಯೋ ಮೂಲಕ ನಿಲ್ದಾಣದಿಂದ ಮಾಹಿತಿ ಪಡೆಯುತ್ತದೆ, ಚಾಲಕ ಬ್ರೇಕ್ ಹಾಕದಿದ್ದರೆ ತಾನೇ ಹಾಕುತ್ತದೆ.

ನೀನು ಹೊಸದಾಗಿ ಕಲಿಯಬೇಕಾದದ್ದು ಇಲ್ಲಿದೆ. ಕಾಲೇಜಿನ ಲ್ಯಾಬಿನಲ್ಲಿ ಪ್ರೋಗ್ರಾಂ ನಿಂತರೆ ಮತ್ತೆ ಶುರು ಮಾಡಿದರಾಯಿತು. ಇಲ್ಲಿ ಕೆಟ್ಟು ನಿಲ್ಲುವಾಗ ಯಾವ ಸ್ಥಿತಿಯಲ್ಲಿ ನಿಲ್ಲಬೇಕೆಂಬುದನ್ನೇ ಮೊದಲು ತೀರ್ಮಾನಿಸಬೇಕು. ಮುಖ್ಯ ಹಳಿಯಿಂದ ಕವಲೊಡೆದು ಮತ್ತೆ ಅದನ್ನೇ ಸೇರುವ ಒಂದು ಲೂಪ್ ಲೈನ್ ಇರುವ ಸಣ್ಣ ನಿಲ್ದಾಣವನ್ನು ಕಲ್ಪಿಸಿಕೊಂಡು ಅದರ ಇಂಟರ್‌ಲಾಕಿಂಗನ್ನು ನೀನೇ ಬರೆ. ಆಮೇಲೆ ಒಂದೊಂದೇ ಇನ್‌ಪುಟ್ ಕಡಿದು ಹಾಕಿ ನೋಡು. ಎಲ್ಲಿಯಾದರೂ ಹಸಿರು ಉಳಿದರೆ ಏಕೆ ಉಳಿಯಿತೆಂದು ಹುಡುಕು. ನಾನು ಸಂದರ್ಶನ ಮಾಡುವವನಾಗಿದ್ದರೆ ನಿನ್ನ ಅಂಕಪಟ್ಟಿಗಿಂತ ಮೊದಲು ಇದನ್ನೇ ಕೇಳುತ್ತಿದ್ದೆ.

ಈಗಲೇ ಮತ್ತೊಂದು ಪದವಿಗೆ ಹಣ ಕಟ್ಟಬೇಡ. ವಿದ್ಯುತ್ ಮಂಡಲ, ನಿಯಂತ್ರಣ ವ್ಯವಸ್ಥೆಗಳ ಪಾಠ ಐಐಟಿ, ಐಐಎಸ್‌ಸಿಗಳ ಆನ್‌ಲೈನ್ ಪಾಠಗಳ ತಾಣವಾದ ಎನ್‌ಪಿಟಿಇಎಲ್‌ನಲ್ಲಿ ಉಚಿತವಾಗಿ ಸಿಗುತ್ತದೆ. ಸಿಗ್ನಲ್ ವಿಭಾಗದ ಜೂನಿಯರ್ ಇಂಜಿನಿಯರ್ ಹುದ್ದೆಗೆ ಕಂಪ್ಯೂಟರ್ ಸೈನ್ಸ್ ಓದಿದವರನ್ನೂ ಪರಿಗಣಿಸುತ್ತಾರೆ. ಪ್ರತಿ ಅಧಿಸೂಚನೆಯಲ್ಲೂ ವಿದ್ಯಾರ್ಹತೆಯ ಸಾಲನ್ನು ಮಾತ್ರ ನೀನೇ ಓದಿ ನೋಡು. ಮುಂದೆ ಓದಲೇಬೇಕೆನಿಸಿದರೆ ಎಂ.ಟೆಕ್ ಪ್ರವೇಶದ ಗೇಟ್ ಪರೀಕ್ಷೆ ಬರೆ; ಅದರಲ್ಲಿ 2024ರಿಂದ ಡೇಟಾ ಸೈನ್ಸ್ ಮತ್ತು ಕೃತಕ ಬುದ್ಧಿಮತ್ತೆಯ ಪತ್ರಿಕೆಯೂ ಇದೆ.

ರೈಲ್ವೆಯೇ ಆಗಬೇಕೆಂದಿಲ್ಲ. ಗದಗಿನ ಕಪ್ಪತಗುಡ್ಡದ ಗಾಳಿಯಂತ್ರಗಳು ತಮ್ಮ ಉಷ್ಣತೆಯನ್ನೂ ಕಂಪನವನ್ನೂ ಅಳೆಯುತ್ತಲೇ ಇರುತ್ತವೆ. ಆ ಅಂಕಿಗಳನ್ನು ಓದಿ ಬೇರಿಂಗ್ ಕೆಡುವ ಮುನ್ಸೂಚನೆ ಹಿಡಿಯಬೇಕಾದರೆ ಬೇರಿಂಗ್ ಹೇಗೆ ಸವೆಯುತ್ತದೆಂದು ಫಿಟ್ಟರ್ ಬಳಿ ನಿಂತು ಕಲಿಯಬೇಕು. ಕೇಳಲು ಸಂಕೋಚಪಡಬೇಡ, ಅವರು ಪ್ರೀತಿಯಿಂದ ಹೇಳಿಕೊಡುತ್ತಾರೆ.

ಆರಂಭದ ಸಂಬಳ ಬೆಂಗಳೂರಿನ ನಿನ್ನ ಗೆಳತಿಯರಿಗಿಂತ ಕಡಿಮೆಯಿರಬಹುದು. ಆ ಮಾತನ್ನು ಅಪ್ಪನಿಗೆ ನಾನೇ ಹೇಳುತ್ತೇನೆ. ನಿಲ್ದಾಣದ ಪ್ರೋಗ್ರಾಂ ಬರೆದಾದ ಮೇಲೆ ಒಂದು ಭಾನುವಾರ ಅದನ್ನು ತೆಗೆದುಕೊಂಡು ಮನೆಗೆ ಬಾ, ಇಬ್ಬರೂ ಕೂತು ತಪಾಸಣೆ ಮಾಡೋಣ.

ಇಂತಿ,
ನಿನ್ನ ದೊಡ್ಡಪ್ಪ