ಜ್ವರ ಬಂದರೆ ಗುಳಿಗೆ ನಿಲ್ಲಿಸು, ಇಳಿದರೆ ಮತ್ತೆ ಶುರುಮಾಡು: ವಿಜಯಪುರದ ಗೆಳೆಯನಿಗೊಂದು ಪತ್ರ

ಪ್ರಿಯ ಬಸವರಾಜ,

ಕಾಕಾ ಅವರ ರಿಪೋರ್ಟ್ ಎಲ್ಲ ನೋಡಿದೆ. ಅಂಗಾಲಿನ ಮೆಲನೋಮಾ, ಅಂದರೆ ಚರ್ಮಕ್ಕೆ ಬಣ್ಣ ಕೊಡುವ ಕೋಶಗಳ ಕ್ಯಾನ್ಸರ್, ತೊಡೆಸಂದಿನ ಗಂಟಿಗೂ ಶ್ವಾಸಕೋಶಕ್ಕೂ ಹರಡಿದೆ, ಬ್ರಾಫ್ ವಿ600ಇ ಪಾಸಿಟಿವ್, ಅಂದರೆ ಗಡ್ಡೆಯ ಬ್ರಾಫ್ ಅನ್ನುವ ಜೀನ್‌ನಲ್ಲಿ ಬದಲಾವಣೆ ಇದೆ. ಅದಕ್ಕೆ ಡಬ್ರಾಫೆನಿಬ್ ಮತ್ತು ಟ್ರಮೆಟಿನಿಬ್ ಅನ್ನುವ ಎರಡು ಗುಳಿಗೆ ಬರೆದಿದ್ದಾರೆ. ಫೋನಿನಲ್ಲಿ ನೀನು ಒಂದಾದ ಮೇಲೊಂದು ಪ್ರಶ್ನೆ ಕೇಳಿದೆ, ಬರೆದು ಕೊಟ್ಟರೆ ಮನೆಮಂದಿಗೂ ತೋರಿಸಬಹುದು ಅನಿಸಿತು. ಇದೇ ಗುಳಿಗೆ ಹಿಡಿದ ಬೇರೆ ಮನೆಗಳಿಗೂ ಬೇಕಾದೀತು, ಅದಕ್ಕೇ ಹೆಸರು ಬದಲಿಸಿ ಎಲ್ಲರೂ ಓದುವಂತೆ ಹಾಕುತ್ತಿದ್ದೇನೆ.

ಮೊದಲು ಒಂದು ಮಾತು. ನಮ್ಮ ಕಡೆ ಅಂಗಾಲಿನ ಕಪ್ಪು ಗಾಯ ಅಂದರೆ ಮುಳ್ಳು ನೆಟ್ಟಿರಬೇಕು, ಆಣಿ ಇರಬೇಕು, ಸಕ್ಕರೆ ಕಾಯಿಲೆಯ ಹುಣ್ಣು ಇರಬೇಕು ಅಂತ ತಿಂಗಳುಗಟ್ಟಲೆ ಮುಲಾಮು ಹಚ್ಚುತ್ತಾರೆ. ಕಾಕಾ ಬಿಸಿಲಲ್ಲಿ ಬರಿಗಾಲಲ್ಲಿ ಹೊಲಕ್ಕೆ ಹೋದದ್ದಕ್ಕೇ ಹೀಗಾಯಿತು ಅಂತ ಅವ್ವ ಕೊರಗುತ್ತಿದ್ದರೆ ಅದನ್ನು ಬಿಡಿಸು. ಬಿಳಿ ಚರ್ಮದವರ ಮೈಮೇಲಿನ ಮೆಲನೋಮಾಕ್ಕೆ ಬಿಸಿಲು ದೊಡ್ಡ ಕಾರಣ, ಅಂಗಾಲಿನದಕ್ಕೆ ಹಾಗಿಲ್ಲ. ಬ್ರಾಫ್ ಬದಲಾವಣೆಯೂ ಅಂಗಾಲಿನ ಮೆಲನೋಮಾದಲ್ಲಿ ಕಡಿಮೆ ಜನರಿಗೆ ಸಿಗುತ್ತದೆ. ಬಿಳಿ ಚರ್ಮದವರ ಮೈಮೇಲಿನದರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಇರುತ್ತದೆ, ಅಂಗಾಲಿನದರಲ್ಲಿ ಅದಕ್ಕಿಂತ ಬಹಳ ಕಡಿಮೆ. ಕಾಕಾಗೆ ಅದು ಸಿಕ್ಕಿದೆ. ಹಾಗಾಗಿಯೇ ಈ ಗುಳಿಗೆಯ ದಾರಿ ತೆರೆದಿದೆ. ಬಯಾಪ್ಸಿಗೆ ತೆಗೆದ ತುಂಡನ್ನು ಇಟ್ಟಿರುವ ಮೇಣದ ಬ್ಲಾಕ್ ಯಾವ ಲ್ಯಾಬಿನಲ್ಲಿದೆ ಅಂತ ಬರೆದಿಟ್ಟುಕೋ, ಮುಂದೆ ಇನ್ನೊಂದು ಪರೀಕ್ಷೆಗೆ ಬೇಕಾಗುತ್ತದೆ.

ಈಗ ಜ್ವರ. ಈ ಜೋಡಿ ಗುಳಿಗೆ ತಗೊಂಡವರಲ್ಲಿ ಅರ್ಧಕ್ಕಿಂತ ಹೆಚ್ಚು ಜನರಿಗೆ ಜ್ವರ ಬರುತ್ತದೆ. ಮೊದಲ ಒಂದೆರಡು ತಿಂಗಳಲ್ಲೇ ಹೆಚ್ಚು. ಮೊದಲು ಮೈ ಕೈ ನೋವು, ಆಮೇಲೆ ಹಲ್ಲು ಕಟಕಟ ಅನ್ನುವಂಥ ನಡುಕ, ಎರಡು ರಗ್ಗು ಹೊದ್ದರೂ ಹೋಗದ ಚಳಿ, ಅದಾದ ಮೇಲೆ ಜ್ವರ ಏರಿ ಅಂಗಿ ತೊಯ್ಯುವಷ್ಟು ಬೆವರು. ರೋಗಿಗಳು ಹೆಚ್ಚಾಗಿ ಹೇಳುವುದು ಇದೇ ಕ್ರಮವನ್ನು. ಸೋಂಕು ಇಲ್ಲದೆಯೇ, ಔಷಧದಿಂದಲೇ ಬರುವ ಜ್ವರ ಇದು.

ಇಲ್ಲಿ ಎರಡು ಥರ ತಪ್ಪಾಗುತ್ತದೆ. ಕೆಲವರು ಜ್ವರ ಇದ್ದರೂ ಕ್ಯಾನ್ಸರಿನ ಗುಳಿಗೆ ತಪ್ಪಿಸಬಾರದು ಅಂತ ನುಂಗುತ್ತಲೇ ಹೋಗುತ್ತಾರೆ. ಆಗ ಜ್ವರ ಬಲಿಯುತ್ತದೆ, ಬಿಪಿ ಇಳಿಯುತ್ತದೆ, ಕಿಡ್ನಿಗೆ ಪೆಟ್ಟು ಬೀಳುತ್ತದೆ, ಅಡ್ಮಿಟ್ ಮಾಡಬೇಕಾಗುತ್ತದೆ. ಇನ್ನು ಕೆಲವರು ಈ ಔಷಧ ಮೈಗೆ ಒಗ್ಗಲಿಲ್ಲ ಅಂತ ಪೂರ್ತಿ ಬಿಟ್ಟೇಬಿಡುತ್ತಾರೆ. ಕೆಲಸ ಮಾಡುತ್ತಿದ್ದ ಔಷಧ ಬರೀ ಜ್ವರಕ್ಕೆ ಹೆದರಿ ಕೈತಪ್ಪಿ ಹೋಗುತ್ತದೆ. ನನಗೆ ಹೆಚ್ಚು ನೋವಾಗುವುದು ಈ ಎರಡನೆಯದರ ಬಗ್ಗೆ.

ಸರಿಯಾದ ಕ್ರಮ ಇಷ್ಟು. ಥರ್ಮಾಮೀಟರ್ 38 ಡಿಗ್ರಿ, ಅಂದರೆ ಫ್ಯಾರನ್‌ಹೀಟಿನಲ್ಲಿ 100.4 ತೋರಿಸಿದ ಕೂಡಲೇ ಎರಡೂ ಗುಳಿಗೆ ನಿಲ್ಲಿಸಬೇಕು. ಒಂದನ್ನು ನಿಲ್ಲಿಸಿ ಇನ್ನೊಂದನ್ನು ತಗೊಳ್ಳುವುದು ಬೇಡ. ಪ್ಯಾರಾಸಿಟಮಾಲ್ ಕೊಡು, ದವಾಖಾನೆಗೆ ಫೋನ್ ಮಾಡು. ಜ್ವರ ಪೂರ್ತಿ ಇಳಿದು, 24 ತಾಸು ಮತ್ತೆ ಬರದೇ ಇದ್ದರೆ, ಡಾಕ್ಟರು ಹೂಂ ಅಂದ ಮೇಲೆ ಅದೇ ಪ್ರಮಾಣದಲ್ಲಿ ಮತ್ತೆ ಶುರು. ಒಮ್ಮೆ ಜ್ವರ ಬಂದವರಿಗೆ ಎರಡನೇ ಸಲ ನಡುಕ ಶುರುವಾದಾಗಲೇ ಗೊತ್ತಾಗುತ್ತದೆ, ಆಗ 38 ಆಗುವ ತನಕ ಕಾಯದೆ ನಿಲ್ಲಿಸಬಹುದು. ಶಸ್ತ್ರಚಿಕಿತ್ಸೆಯ ನಂತರ ಇದೇ ಜೋಡಿ ತಗೊಂಡವರ ಮೇಲೆ ಕಾಂಬಿ-ಎಪ್ಲಸ್ ಅನ್ನುವ ಅಧ್ಯಯನದಲ್ಲಿ ಈ ಕ್ರಮವನ್ನು ಪರೀಕ್ಷಿಸಿದರು. ತೀವ್ರ ಜ್ವರ, ಜ್ವರಕ್ಕಾಗಿ ಆಸ್ಪತ್ರೆ ಸೇರುವುದು, ಔಷಧ ಪೂರ್ತಿ ಬಿಡುವುದು, ಈ ಮೂರೂ ಸೇರಿ ಹಿಂದಿನ ಅಧ್ಯಯನದಲ್ಲಿ 20% ಇದ್ದದ್ದು 8%ಗೆ ಇಳಿಯಿತು. ಒಂದೆರಡು ದಿನ ಬಿಟ್ಟರೆ ಗಡ್ಡೆ ಬೆಳೆದುಬಿಡುತ್ತದೆ ಅಂತ ಹೆದರಬೇಡ. ಇದನ್ನು ನಡುರಾತ್ರಿ ತೀರ್ಮಾನಿಸಬೇಕಾಗಿ ಬರುತ್ತದೆ, ಅದಕ್ಕೇ ನಿಮ್ಮ ಡಾಕ್ಟರ ಹತ್ತಿರ ಮೊದಲೇ ಒಂದು ಚೀಟಿಯಲ್ಲಿ ಬರೆಸಿಕೊಂಡು ಗೋಡೆಗೆ ಅಂಟಿಸು.

ಆದರೆ ಜ್ವರ ಬಂದಾಗಲೆಲ್ಲ ಔಷಧದ್ದೇ ಅಂತ ಸುಮ್ಮನೆ ಕೂರಬಾರದು. ನಮ್ಮಲ್ಲಿ ಮಳೆಗಾಲಕ್ಕೆ ಡೆಂಗಿ, ಮಲೇರಿಯಾ ಇದ್ದದ್ದೇ, ಮೂತ್ರದ ಸೋಂಕೂ ಇರಬಹುದು, ಅಂಗಾಲಿನ ಗಾಯದಲ್ಲೇ ಕೀವಾಗಿರಬಹುದು. ಮೊದಲ ಜ್ವರಕ್ಕೆ ರಕ್ತದ ಕಣಗಳ ಎಣಿಕೆ, ಕಿಡ್ನಿಯ ಸ್ಥಿತಿ ತಿಳಿಸುವ ಕ್ರಿಯಾಟಿನಿನ್, ಮಲೇರಿಯಾ, ಡೆಂಗಿ ಪರೀಕ್ಷೆ ಆಗಲೇಬೇಕು, ಅಗತ್ಯ ಬಿದ್ದರೆ ಬ್ಲಡ್ ಕಲ್ಚರ್ ಕೂಡ. ಊರಲ್ಲಿ ವಿಡಾಲ್ ಪರೀಕ್ಷೆ ಒಂದನ್ನೇ ನೋಡಿ ಟೈಫಾಯ್ಡ್ ಅಂತ ವಾರಗಟ್ಟಲೆ ಸಲಾಯಿನ್ ಏರಿಸುವವರಿದ್ದಾರೆ, ಆ ದಾರಿ ಹಿಡಿಯಬೇಡ. ನೋವು, ಜ್ವರಕ್ಕೆ ಹಾಕುವ ಡೈಕ್ಲೋಫೆನಾಕ್ ಇಂಜೆಕ್ಷನ್ ಕೂಡ ಕೇಳದೆ ಹಾಕಿಸಬೇಡ, ಬೆವರಿ ಮೈಯಲ್ಲಿ ನೀರು ಕಡಿಮೆಯಾದಾಗ ಅದು ಕಿಡ್ನಿಗೆ ಭಾರ. ಅಂಬಲಿ, ಮಜ್ಜಿಗೆ, ಓಆರ್‌ಎಸ್, ಏನು ಹೋಗುತ್ತದೋ ಅದನ್ನು ತಾಸಿಗೊಮ್ಮೆ ಕುಡಿಸು. ಏಪ್ರಿಲ್, ಮೇ ತಿಂಗಳ ವಿಜಯಪುರದ ಝಳದಲ್ಲಿ ಇದನ್ನು ಎರಡು ಪಟ್ಟು ನೆನಪಿಡು. ಮೂತ್ರ ಕಡಿಮೆಯಾದರೆ, ಎದ್ದು ನಿಂತಾಗ ತಲೆ ತಿರುಗಿದರೆ, ಮಾತು ತೊದಲಿದರೆ ಅಥವಾ ಜ್ವರ ಮೂರನೇ ದಿನಕ್ಕೂ ಇಳಿಯದಿದ್ದರೆ ಮನೆಯಲ್ಲಿಟ್ಟುಕೊಳ್ಳಬೇಡ. ಗುಳಿಗೆ ನಿಲ್ಲಿಸಿದರೂ ಜ್ವರ ಮತ್ತೆ ಮತ್ತೆ ಬರುತ್ತಿದ್ದರೆ ಡಾಕ್ಟರು ಸಣ್ಣ ಪ್ರಮಾಣದಲ್ಲಿ ಪ್ರೆಡ್ನಿಸೊಲೋನ್ ಅನ್ನುವ ಸ್ಟೀರಾಯ್ಡ್ ಕೊಡಬಹುದು. ಅದು ಸಕ್ಕರೆ ಏರಿಸುತ್ತದೆ, ಡಬ್ರಾಫೆನಿಬ್ ಕೂಡ ಏರಿಸಬಹುದು, ಕಾಕಾಗೆ ಮೊದಲೇ ಸಕ್ಕರೆ ಇದೆ. ಮನೆಯ ಮಷಿನ್‌ನಲ್ಲಿ ವಾರಕ್ಕೆರಡು ಸಲ ನೋಡು.

ಗುಳಿಗೆ ತಗೊಳ್ಳುವ ಹೊತ್ತಿನ ವಿಷಯದಲ್ಲಿ ಮನೆಮಂದಿ ಎಲ್ಲ ಒಂದಾಗಬೇಕು. ಡಬ್ರಾಫೆನಿಬ್ 75 ಮಿಲಿಗ್ರಾಂ ಕ್ಯಾಪ್ಸೂಲ್ ಎರಡು ಮುಂಜಾನೆ, ಎರಡು ಸಂಜೆ, ನಡುವೆ 12 ತಾಸು. ಟ್ರಮೆಟಿನಿಬ್ 2 ಮಿಲಿಗ್ರಾಂ ಒಂದೇ ಒಂದು, ದಿನಕ್ಕೊಮ್ಮೆ, ದಿನವೂ ಒಂದೇ ಹೊತ್ತಿಗೆ. ಎರಡೂ ಖಾಲಿ ಹೊಟ್ಟೆಗೆ, ಅಂದರೆ ತಿಂದು ಎರಡು ತಾಸು ಆಗಿರಬೇಕು, ನುಂಗಿದ ಮೇಲೆ ಒಂದು ತಾಸು ಏನೂ ತಿನ್ನಬಾರದು. ಎಣ್ಣೆ, ತುಪ್ಪದ ಊಟದ ಜೊತೆ ನುಂಗಿದರೆ ಡಬ್ರಾಫೆನಿಬ್ ರಕ್ತಕ್ಕೆ ಸೇರುವುದು ಸುಮಾರು ಮೂರನೇ ಒಂದು ಪಾಲು ಕಡಿಮೆಯಾಗುತ್ತದೆ. ಮುಂಜಾನೆ ಆರಕ್ಕೆ ಎದ್ದ ಕೂಡಲೇ ನೀರಿನ ಜೊತೆ ಮೂರೂ ನುಂಗಿದರೆ ಏಳರ ನಂತರ ಚಹಾ, ರೊಟ್ಟಿ ಆರಾಮಾಗಿ ಆಗುತ್ತದೆ. ತೊಡಕು ಇರುವುದು ಸಂಜೆಯದರಲ್ಲಿ. ನಮ್ಮ ಮನೆಗಳಲ್ಲಿ ಐದಕ್ಕೆ ಹಾಲಿನ ಚಹಾ, ಜೊತೆಗೆ ಚುರುಮುರಿ ಇದ್ದೇ ಇರುತ್ತದೆ, ಬಂದವರ ಜೊತೆ ಇನ್ನೊಂದು ಕಪ್ಪು. ಸಂಜೆ ಆರಕ್ಕೆ ಗುಳಿಗೆ ಅಂದರೆ ನಾಲ್ಕರಿಂದ ಏಳರ ತನಕ ನೀರು ಮಾತ್ರ. ಚಹಾವನ್ನು ಮೂರೂವರೆಗೆ ಎಳೆದುಕೊಳ್ಳಿ.

ಮರೆತರೆ ಹೀಗೆ ಮಾಡು. ಡಬ್ರಾಫೆನಿಬ್‌ನ ಮುಂದಿನ ಸರದಿಗೆ ಆರು ತಾಸಿಗಿಂತ ಕಡಿಮೆ ಉಳಿದಿದ್ದರೆ ಬಿಟ್ಟುಬಿಡು. ಟ್ರಮೆಟಿನಿಬ್‌ಗೆ ಈ ಲೆಕ್ಕ 12 ತಾಸು. ಎರಡು ಸರದಿಯದ್ದನ್ನು ಒಟ್ಟಿಗೆ ಎಂದೂ ಬೇಡ.

ಟ್ರಮೆಟಿನಿಬ್ ಫ್ರಿಜ್ಜಿನಲ್ಲಿ, 2ರಿಂದ 8 ಡಿಗ್ರಿಯಲ್ಲಿ ಇರಬೇಕು, ಫ್ರೀಜರಿನಲ್ಲಿ ಬೇಡ. ಅದೇ ಬಾಟಲಿಯಲ್ಲಿ, ತೇವ ಹೀರುವ ಪುಡಿಯ ಡಬ್ಬಿಯನ್ನು ತೆಗೆಯದೆ ಇಡು. ವಾರದ ಗುಳಿಗೆ ಡಬ್ಬಿಗೆ ತುಂಬಿಡುವುದು ಇದಕ್ಕೆ ಆಗದು, ತೇವ ಮತ್ತು ಬೆಳಕಿಗೆ ಕೆಡುತ್ತದೆ. ಡಬ್ರಾಫೆನಿಬ್ ಹೊರಗೆ ತಂಪಾದ ಕಪಾಟಿನಲ್ಲಿದ್ದರೆ ಸಾಕು. ಕರೆಂಟ್ ಹೋದಾಗ ಫ್ರಿಜ್ಜಿನ ಬಾಗಿಲು ತೆರೆಯದಿದ್ದರೆ ಕೆಲವು ತಾಸು ತಂಪು ನಿಲ್ಲುತ್ತದೆ. ಗೋಲಗುಂಬಜ್ ಎಕ್ಸ್‌ಪ್ರೆಸ್ಸಿನಲ್ಲಿ ಬೆಂಗಳೂರಿಗೆ ತೋರಿಸಲು ಹೋಗುವಾಗ ಇನ್ಸುಲಿನ್ ಒಯ್ಯುವಂಥ ಸಣ್ಣ ಥರ್ಮಾಕೋಲ್ ಡಬ್ಬಿಯಲ್ಲಿ ಒಯ್ಯಿ, ಬಾಟಲಿ ನೇರ ಐಸಿಗೆ ತಾಗದಂತೆ ಬಟ್ಟೆ ಸುತ್ತು.

ಬೇರೆ ಔಷಧಗಳ ಪಟ್ಟಿಯನ್ನು ಪ್ರತಿ ಸಲ ತೋರಿಸು. ಕ್ಷಯದ ರಿಫಾಂಪಿಸಿನ್, ಫಿಟ್ಸ್‌ನ ಫೆನಿಟಾಯಿನ್, ಕಾರ್ಬಮಾಜೆಪಿನ್ ಇವು ಡಬ್ರಾಫೆನಿಬ್‌ನ ಬಲ ತಗ್ಗಿಸುತ್ತವೆ. ಕ್ಲಾರಿಥ್ರೊಮೈಸಿನ್, ಕೆಟೊಕೊನಜೋಲ್ ಗುಳಿಗೆ ಅದನ್ನು ರಕ್ತದಲ್ಲಿ ಏರಿಸುತ್ತವೆ. ಡಬ್ರಾಫೆನಿಬ್ ತಾನೂ, ರಕ್ತ ಹೆಪ್ಪುಗಟ್ಟದಂತೆ ಕೊಡುವ ವಾರ್ಫರಿನ್‌ನಂಥ ಔಷಧಗಳನ್ನು ಬೇಗ ಕರಗಿಸಿಬಿಡುತ್ತದೆ. ನಾಟಿ ಔಷಧವನ್ನು ಈಗ ಬೇಡ ಅಂತ ಹೇಳುವುದಕ್ಕೂ ಕಾರಣವಿದೆ. ಲಿವರ್ ರಿಪೋರ್ಟ್ ಏರಿದಾಗ ಯಾವುದರಿಂದ ಅಂತ ತಿಳಿಯದೆ, ಒಳ್ಳೆಯ ಗುಳಿಗೆಯನ್ನೇ ನಿಲ್ಲಿಸಬೇಕಾಗಿ ಬರುತ್ತದೆ.

ಹೃದಯದ ಎಕೋ ಶುರುವಿಗೆ ಮೊದಲು ಒಂದು, ತಿಂಗಳಾದ ಮೇಲೆ ಒಂದು, ಆಮೇಲೆ ಎರಡು ಮೂರು ತಿಂಗಳಿಗೊಂದು. ಟ್ರಮೆಟಿನಿಬ್ ಹೃದಯದ ಪಂಪು ಮಾಡುವ ಬಲವನ್ನು ತಗ್ಗಿಸಬಹುದು. ಹೆಚ್ಚಿನವರಿಗೆ ಮೊದಮೊದಲು ಏನೂ ಗೊತ್ತಾಗುವುದಿಲ್ಲ, ಸಮಯಕ್ಕೆ ನಿಲ್ಲಿಸಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಹಾಗಾಗಿ ಕಾಕಾ ಆರಾಮಿದ್ದಾರೆ ಅಂತ ಎಕೋ ತಪ್ಪಿಸಬಾರದು. ಬಿಪಿಯನ್ನೂ ನೋಡುತ್ತಿರು, ಇದು ಏರಿಸುತ್ತದೆ. ಕಣ್ಣು ಮಂಜಾದರೆ, ದೀಪದ ಸುತ್ತ ಬಣ್ಣದ ಉಂಗುರ ಕಂಡರೆ, ಕಣ್ಣು ಕೆಂಪಾಗಿ ನೋವಾದರೆ ಅದೇ ದಿನ ಕಣ್ಣಿನ ಡಾಕ್ಟರಿಗೆ ತೋರಿಸು, ಚಷ್ಮಾ ನಂಬರ್ ಬದಲಾಗಿರಬೇಕು ಅಂತ ಕಾಯಬೇಡ. ಸ್ನಾಯು ನೋವಿನ ಜೊತೆ ಮೂತ್ರ ಕಂದಾದರೆ ಸ್ನಾಯುವಿನ ಹಾನಿ ತಿಳಿಸುವ ಸಿಪಿಕೆ ರಕ್ತ ಪರೀಕ್ಷೆ ಬೇಕು.

ಅಂಗಾಲು, ಅಂಗೈ ಚರ್ಮ ದಪ್ಪಗಾಗಿ ಒತ್ತುವುದು ಕೆಲವರ ದೂರು. ಕಾಕಾಗೆ ಒಂದು ಕಾಲಲ್ಲಿ ಮೊದಲೇ ಗಾಯ, ಇನ್ನೊಂದೂ ಒರಟಾದರೆ ನಡೆಯುವುದೇ ಕಷ್ಟ. ಯೂರಿಯಾ ಇರುವ ಕ್ರೀಮನ್ನು ಎರಡು ಹೊತ್ತು ಹಚ್ಚಿ, ಗಾಯದ ಮೇಲೆ ಬೇಡ. ಮೆತ್ತನೆ ಅಟ್ಟೆಯ ಚಪ್ಪಲಿ, ಹತ್ತಿಯ ಕಾಲುಚೀಲ ಕೊಡಿಸು. ಆಣಿಯನ್ನು ಬ್ಲೇಡಿನಿಂದ ಕೆತ್ತುವ ಅಭ್ಯಾಸವಿದ್ದರೆ ಬಿಡಿಸು. ಎರಡು ತಿಂಗಳಿಗೊಮ್ಮೆ ಚರ್ಮದ ಡಾಕ್ಟರು ನೆತ್ತಿಯಿಂದ ಹಿಮ್ಮಡಿ ತನಕ ನೋಡಬೇಕು, ಹೊಸ ಗಂಟು, ನರೂಲಿ, ಒಣಗದ ಹುಣ್ಣು ಇದ್ದರೆ ತೆಗೆದು ಪರೀಕ್ಷಿಸಬೇಕು. ಡಬ್ರಾಫೆನಿಬ್‌ನಂಥ ಬ್ರಾಫ್ ತಡೆಯುವ ಔಷಧ ಒಂದನ್ನೇ ಕೊಟ್ಟಾಗ ಬ್ರಾಫ್ ಬದಲಾಗದ ಚರ್ಮದ ಕೋಶಗಳಲ್ಲಿ ಅದು ಉಲ್ಟಾ ಬೆಳವಣಿಗೆಗೆ ಒತ್ತು ಕೊಡುತ್ತದೆ, ಬೇರೆ ಥರದ ಚರ್ಮದ ಕ್ಯಾನ್ಸರ್ ಏಳಬಹುದು. ಟ್ರಮೆಟಿನಿಬ್ ಕೋಶದ ಬೆಳವಣಿಗೆಯ ಸಂದೇಶದ ಮುಂದಿನ ಮೆಟ್ಟಿಲಲ್ಲಿ, ಮೆಕ್ ಅನ್ನುವ ಪ್ರೋಟೀನನ್ನು ತಡೆದು ಅದನ್ನು ಕಡಿಮೆ ಮಾಡುತ್ತದೆ, ಕ್ಯಾನ್ಸರ್ ಕೋಶ ತಪ್ಪಿಸಿಕೊಳ್ಳುವುದನ್ನೂ ತಡಮಾಡುತ್ತದೆ. ದುಡ್ಡಿಲ್ಲ ಅಂತ ಎರಡರಲ್ಲಿ ಒಂದನ್ನು ಬಿಡಬಾರದು ಅನ್ನುವುದು ಇದಕ್ಕೇ. ಕ್ಯಾಪ್ಸೂಲ್ ಕಡಿಮೆ ಮಾಡಿ ದಿನ ದೂಡುವುದೂ ಬೇಡ. ಪ್ರಮಾಣ ಇಳಿಸಬೇಕಾದರೆ ಅದಕ್ಕೆ ಗೊತ್ತಾದ ಮೆಟ್ಟಿಲುಗಳಿವೆ, ಡಾಕ್ಟರು ಇಳಿಸುತ್ತಾರೆ. ಖರ್ಚಿನ ಮಾತನ್ನು ಮೊದಲ ದಿನವೇ ನಾಚಿಕೆಯಿಲ್ಲದೆ ಎತ್ತು. ಆಸ್ಪತ್ರೆಯ ಸಮಾಜ ಕಾರ್ಯಕರ್ತರನ್ನು, ಆಯುಷ್ಮಾನ್ ಕಾರ್ಡಿನ ಕೌಂಟರನ್ನು, ಕಂಪನಿಯ ರೋಗಿ ನೆರವಿನ ಯೋಜನೆಯನ್ನು ವಿಚಾರಿಸು. ಒಂದು ತಿಂಗಳಿಗಿಂತ ಹೆಚ್ಚು ಒಮ್ಮೆಲೇ ಕೊಳ್ಳಬೇಡ, ಪ್ರಮಾಣ ಬದಲಾಗಬಹುದು. ಬಿಲ್ಲು, ಬ್ಯಾಚ್ ನಂಬರ್ ಇಲ್ಲದೆ ಅಗ್ಗಕ್ಕೆ ತರಿಸಿಕೊಡುತ್ತೇನೆ ಅನ್ನುವವರಿಂದ ದೂರ ಇರು.

ಇನ್ನು ನೀನು ಕೇಳಲು ಹಿಂಜರಿದ ಪ್ರಶ್ನೆ. ಮೂವರಲ್ಲಿ ಇಬ್ಬರಿಗೆ ಗಡ್ಡೆ ಗಣನೀಯವಾಗಿ ಕುಗ್ಗುತ್ತದೆ, ಅದೂ ಬೇಗ. ಕೈಗೆ ಸಿಗುವ ಗಂಟು ಕೆಲವೇ ವಾರಗಳಲ್ಲಿ ಮೆತ್ತಗಾಗುವುದನ್ನು ರೋಗಿಗಳೇ ಗುರುತಿಸುತ್ತಾರೆ. ಆದರೆ ಅರ್ಧದಷ್ಟು ಜನರಲ್ಲಿ 11 ತಿಂಗಳ ಆಸುಪಾಸಿಗೆ ರೋಗ ಮತ್ತೆ ಮುಂದುವರಿಯುತ್ತದೆ. ಈ ಜೋಡಿ ತಗೊಂಡ 563 ರೋಗಿಗಳನ್ನು ಐದು ವರ್ಷ ಹಿಂಬಾಲಿಸಿದ ಲೆಕ್ಕ 2019ರಲ್ಲಿ ಬಂತು. ಐದು ವರ್ಷಕ್ಕೆ 34% ಜನ ಬದುಕಿದ್ದರು, ಗಡ್ಡೆ ಪೂರ್ತಿ ಕರಗಿದವರಲ್ಲಿ 71%. ಆ ರೋಗಿಗಳಲ್ಲಿ ಹೆಚ್ಚಿನವರು ಬಿಳಿ ಚರ್ಮದವರು, ಅಂಗಾಲಿನ ಮೆಲನೋಮಾಕ್ಕೆ ಇದೇ ಅಂಕಿಯನ್ನು ಹಾಗೇ ಹಚ್ಚಲಾಗದು. ಕಾಕಾ ತಾವೇ ಕೇಳಿದರೆ ಮುಚ್ಚಿಡಬೇಡ, ಕೇಳದಿದ್ದರೆ ಅಂಕಿ ಒಪ್ಪಿಸುವುದೂ ಬೇಡ.

ಮುಂದಿನ ಭೇಟಿಗೆ ಈ ಪ್ರಶ್ನೆಯನ್ನು ಬರೆದುಕೊಂಡು ಹೋಗು: ಇಮ್ಯುನೊಥೆರಪಿ, ಅಂದರೆ ಮೈಯ ರೋಗನಿರೋಧಕ ಶಕ್ತಿಯನ್ನೇ ಕ್ಯಾನ್ಸರಿನ ಮೇಲೆ ಬಿಡುವ ಇಂಜೆಕ್ಷನ್, ಮೊದಲು ಕೊಡದೆ ಗುಳಿಗೆಯನ್ನೇ ಆರಿಸಿದ್ದು ಯಾಕೆ? ಬ್ರಾಫ್ ಬದಲಾವಣೆ ಇರುವವರಲ್ಲಿ ಎರಡನ್ನೂ ಹೋಲಿಸಿದ ಡ್ರೀಮ್‌ಸೆಕ್ ಅಧ್ಯಯನದಲ್ಲಿ ಇಮ್ಯುನೊಥೆರಪಿಯ ಜೋಡಿಯನ್ನು ಮೊದಲು ಕೊಟ್ಟವರಲ್ಲಿ ಎರಡು ವರ್ಷಕ್ಕೆ 71.8% ಜನ ಬದುಕಿದ್ದರು, ಗುಳಿಗೆ ಮೊದಲು ತಗೊಂಡವರಲ್ಲಿ 51.5%. ರೋಗ ಬಹಳ ವೇಗವಾಗಿದ್ದರೆ, ಉಸಿರಾಟಕ್ಕೆ ತೊಂದರೆಯಿದ್ದರೆ, ಇಲ್ಲವೇ ಇಂಜೆಕ್ಷನ್ ಖರ್ಚು ಕೈಮೀರಿದ್ದರೆ ಗುಳಿಗೆ ಮೊದಲು ಕೊಡುವುದು ನ್ಯಾಯವೇ. ಕಾರಣ ಏನಂತ ನಿನಗೆ ಗೊತ್ತಿರಲಿ. ಗುಳಿಗೆ ಕೆಲಸ ನಿಲ್ಲಿಸಿದ ದಿನ ಮುಂದಿನ ದಾರಿ ಯಾವುದು ಅಂತಲೂ ಈಗಲೇ ಕೇಳು. ತಲೆನೋವು, ವಾಂತಿ, ಕೈಕಾಲು ಸೋಲುವುದು ಕಂಡರೆ ಮಿದುಳಿನ ಎಂಆರ್‌ಐಗೆ ಮುಂದಿನ ಸ್ಕ್ಯಾನಿನ ತಾರೀಖಿನ ತನಕ ಕಾಯಬೇಡ.

ಒಂದು ನೋಟ್‌ಬುಕ್ಕಿನಲ್ಲಿ ದಿನಾ ಮುಂಜಾನೆ, ಸಂಜೆ ಗುಳಿಗೆ ನುಂಗಿದ ಹೊತ್ತು, ಜ್ವರ, ಬಿಪಿ ಬರೆದಿಡು. ಮೊದಲ ಎರಡು ತಿಂಗಳು ರಾತ್ರಿ ಯಾವ ಹೊತ್ತಿಗಾದರೂ ಫೋನ್ ಮಾಡು. ಕಾಕಾಗೂ ಅವ್ವಗೂ ನನ್ನ ನಮಸ್ಕಾರ ತಿಳಿಸು.

ಇಂತಿ ನಿನ್ನ ಗೆಳೆಯ,
ಬೆಳಗಾವಿಯಿಂದ